ಹದಿನಾಲ್ಕನೇ ನಂಬರಿನ ಕೆಂಪು

ಹೊಸ ಮನೆಯ ಗೃಹಪ್ರವೇಶಕ್ಕೆ ಹೋದವರು ಸಾಮಾನ್ಯವಾಗಿ ಎರಡು ಕೆಲಸ ಮಾಡುತ್ತಾರೆ. ಮೊದಲು ಅಡುಗೆಮನೆಯ ಕಟ್ಟೆಗೆ ಹಾಕಿದ ಕಲ್ಲು ಯಾವುದೆಂದು ಕೇಳುತ್ತಾರೆ, ಆಮೇಲೆ ಊಟಕ್ಕೆ ಎಲ್ಲಿ ಕೂರುವುದೆಂದು ಕೇಳುತ್ತಾರೆ. ನನ್ನದು ಮೂರನೆಯ ಪಂಗಡ. ನಾನು ಸದ್ದಿಲ್ಲದೆ ಮನೆಯ ಹಿಂದಕ್ಕೆ ಹೋಗಿ, ಗೋಡೆಗೂ ಕಂಪೌಂಡಿಗೂ ನಡುವೆ ಎಷ್ಟು ಜಾಗ ಬಿಟ್ಟಿದ್ದಾರೆಂದು ನೋಡುತ್ತೇನೆ. ನೋಡಿದರೆ ಸಮಾಧಾನವಾಗುವುದಿಲ್ಲ, ಹೆಜ್ಜೆಯ ಮುಂದೆ ಹೆಜ್ಜೆ ಇಟ್ಟು ಅಳೆಯುತ್ತೇನೆ. ಹೀಗೆ ಅಳೆಯುವಾಗ ಮನೆಯವರ ಕಣ್ಣಿಗೆ ಬಿದ್ದರೆ ಅವರು ಪಾಪ, "ಬಚ್ಚಲು ಈಚೆಗೆ ಮಾಸ್ತರೇ" ಎಂದು ದಾರಿ ತೋರಿಸುತ್ತಾರೆ. ನಾನು ಬೇಡದ ಬಚ್ಚಲಿಗೆ ಹೋಗಿ ಕೈಕಾಲು ತೊಳೆದು ಬರುತ್ತೇನೆ. ಒಂದೇ ಗೃಹಪ್ರವೇಶದಲ್ಲಿ ಮೂರು ಸಲ ಕೈಕಾಲು ತೊಳೆದದ್ದೂ ಉಂಟು.

ಈ ಚಟ ಹುಟ್ಟಿನಿಂದ ಬಂದದ್ದಲ್ಲ. ತೊಂಬತ್ತರ ದಶಕದ ಕೊನೆಗೆ, ಮನೆ ಕಟ್ಟಲು ಪರವಾನಗಿ ಕೇಳಿದ ತಪ್ಪಿಗೆ ಅಂಟಿಕೊಂಡದ್ದು. ನಾನು ಹೈಸ್ಕೂಲಿನಲ್ಲಿ ಗಣಿತ ಕಲಿಸುವ ಮಾಸ್ತರ. ವರ್ಗಾವಣೆಯ ಕೃಪೆಯಿಂದ ಶಿರಸಿ, ಸಿದ್ದಾಪುರ, ಯಲ್ಲಾಪುರ ಮೂರೂ ಊರಿನ ನೀರು ಕುಡಿದವ. ನಮ್ಮ ಜಾಗ ಈ ಮೂರರಲ್ಲಿ ಯಾವ ಊರಿನದು ಎಂಬುದೊಂದನ್ನು ಮಾತ್ರ ನಾನು ಹೇಳುವುದಿಲ್ಲ, ಏಕೆಂದರೆ ಅಲ್ಲಿಯ ಕಚೇರಿಗೆ ಈಗಲೂ ಆಗಾಗ ಹೋಗುವ ಕೆಲಸ ಬೀಳುತ್ತದೆ. ಶಿರಸಿಯವರು ಇದು ಸಿದ್ದಾಪುರದ ಕತೆ ಎಂದುಕೊಳ್ಳಲಿ, ಸಿದ್ದಾಪುರದವರು ಯಲ್ಲಾಪುರದ್ದು ಎಂದುಕೊಳ್ಳಲಿ. ಯಲ್ಲಾಪುರದವರಿಗೆ ಯಾರ ಮೇಲೆ ಹಾಕಬೇಕೆಂದು ನಾನು ಹೇಳಿಕೊಡಬೇಕಾಗಿಲ್ಲ.

ನನ್ನ ಹೆಂಡತಿ ಸಾವಿತ್ರಿ ಮದುವೆಯಾಗಿ ಬಂದ ಹನ್ನೆರಡು ವರ್ಷಗಳಲ್ಲಿ ಐದು ಬಾಡಿಗೆ ಮನೆ ಕಂಡವಳು. ಪ್ರತಿ ಮನೆಯ ಹಿತ್ತಿಲಲ್ಲೂ ಒಂದು ಕರಿಬೇವಿನ ಗಿಡ ನೆಡುತ್ತಿದ್ದಳು, ಅದು ಒಗ್ಗರಣೆಗೆ ನಾಲ್ಕು ಎಲೆ ಕೊಡುವಷ್ಟು ದೊಡ್ಡದಾಗುವ ಹೊತ್ತಿಗೆ ನಾವು ಗಂಟು ಕಟ್ಟುತ್ತಿದ್ದೆವು. ಈ ಮೂರು ತಾಲೂಕಿನಲ್ಲಿ ಅವಳು ನೆಟ್ಟ ಕರಿಬೇವು ಯಾರ್ಯಾರ ಸಾರಿಗೋ ಬಿದ್ದಿದೆ. ಐದನೆಯ ಮನೆಯ ಮಾಲೀಕರು ಒಳ್ಳೆಯ ಜನ. ಆದರೆ ಅವರು ಮನೆ ಕೆಡವಿ ಮಹಡಿ ಕಟ್ಟಿಸುವ ಮನಸ್ಸು ಮಾಡಿ, "ಬರುವ ಮಳೆಗಾಲದೊಳಗೆ ಬಿಟ್ಟುಕೊಡಿ ಮಾಸ್ತರೇ" ಎಂದುಬಿಟ್ಟರು. ನಮಗೂ ಊರಿನ ಅಂಚಿನ ಒಂದು ಲೇಔಟಿನಲ್ಲಿ ಹದಿನಾಲ್ಕನೇ ನಂಬರಿನ ಪ್ಲಾಟು ಇತ್ತು. ಹಳೆಯ ಮಾಲ್ಕಿ ಜಮೀನನ್ನು ಬಿನಶೇತ್ಕಿ ಮಾಡಿ, ಅಂದರೆ ಕೃಷಿಯಿಂದ ಬಿಡಿಸಿ, ತುಂಡು ಮಾಡಿ ಮಾರಿದ ಜಾಗ ಅದು. ನಾಲ್ಕು ವರ್ಷ ಹಿಂದೆಯೇ ಕೊಂಡಿಟ್ಟಿದ್ದೆವು. ನವರಾತ್ರಿಯಲ್ಲಿ ಅರ್ಜಿ ಕೊಟ್ಟರೆ ಮಳೆಗೆ ಮೊದಲು ಮಾಡಿಗೆ ಹಂಚು ಹೊದಿಸಬಹುದು ಎಂದು ಲೆಕ್ಕ ಹಾಕಿದೆ. ಸಾವಿತ್ರಿ ಆ ವರ್ಷ ಗಿಡ ನೆಡಲಿಲ್ಲ, ಅಷ್ಟೆ.

ಪರವಾನಗಿ ಮಾಡಿಸಿಕೊಡುವ ಏಜಂಟರು ಊರಿನಲ್ಲಿದ್ದರು. ಕಾಗದ ಅವರ ಕೈಗೆ ಕೊಟ್ಟು ನಾವು ಮನೆಯಲ್ಲಿ ಕಾಲು ಚಾಚಿ ಕೂರಬಹುದಿತ್ತು. ಎಲ್ಲರೂ ಹಾಗೇ ಮಾಡುತ್ತಿದ್ದರು, ನನಗೂ ಹಾಗೇ ಮಾಡೆಂದು ಹೇಳಿದರು. ಆದರೆ ಹುಡುಗರಿಗೆ 'ಹಂತ ಬಿಡದೆ ಮಾಡಿ, ಉತ್ತರ ಮಾತ್ರ ಬರೆದರೆ ಸೊನ್ನೆ' ಎಂದು ಇಪ್ಪತ್ತು ವರ್ಷ ಗದರಿಸಿದವನು ತನ್ನ ಮನೆಯ ಲೆಕ್ಕವನ್ನು ಬೇರೆಯವರಿಂದ ಮಾಡಿಸುವುದು ಹೇಗೆ? ನಿಯಮ ಎಂದ ಮೇಲೆ ಯಾರೋ ಮನುಷ್ಯರೇ ಬರೆದದ್ದು, ಮನುಷ್ಯನಿಗೇ ಓದಲು ಬರಬೇಕು. ಹಾಗೆಂದು ಹಟ ಹಿಡಿದು, ಪರವಾನಗಿ ಕೊಡುವ ಕಚೇರಿಯ ಗುಮಾಸ್ತ ನಾಯ್ಕರ ಹತ್ತಿರ ನಿಯಮಾವಳಿಯ ಪುಸ್ತಕ ಕೇಳಿದೆ. ನಾಯ್ಕರು ಕನ್ನಡಕ ಹಣೆಗೇರಿಸಿ ನನ್ನನ್ನು ನೋಡಿದರು.

"ನೀವು ಓದಿ ಎಂತ ಮಾಡ್ತ್ರಿ ಮಾಸ್ತರೇ? ಇಲ್ಲೇ ಕೂತು ಕೂತು ನಮಗೇ ತಿಳೀಲಿಲ್ಲ," ಎಂದರು. ಆದರೂ ಕೊಟ್ಟರು. ಅದು ಪುಸ್ತಕವಲ್ಲ, ಸೈಕ್ಲೋಸ್ಟೈಲ್ ಮಾಡಿದ ಹಾಳೆಗಳ ಕಟ್ಟು, ದಾರ ಹಾಕಿ ಹೊಲಿದದ್ದು. ಅದರ ಮೊದಲ ವಾಕ್ಯ ಒಂದೂವರೆ ಪುಟ ಇತ್ತು. 'ಸದರಿ', 'ಮೇಲ್ಕಾಣಿಸಿದ', 'ಒಳಪಟ್ಟು', 'ಹೊರತುಪಡಿಸಿ' ಇವುಗಳ ನಡುವೆ ಕ್ರಿಯಾಪದ ಎಲ್ಲೋ ತಲೆತಪ್ಪಿಸಿಕೊಂಡಿತ್ತು. ನಾನು ಬಿಡಲಿಲ್ಲ. ಬೀಜಗಣಿತದಲ್ಲಿ ಮಾಡುವಂತೆ ಒಳಗಿನ ಕಂಸದಿಂದ ಶುರುಮಾಡಿ ಒಂದೊಂದೇ ಬಿಡಿಸಿದೆ. ಎರಡು ವಾರಕ್ಕೆ ವಾಕ್ಯ ಬಿಡಿಸಿಕೊಂಡಿತು. ಮನೆಯ ಮುಂದೆ ಇಷ್ಟು ಮೀಟರ್, ಹಿಂದೆ ಇಷ್ಟು, ಪಕ್ಕಕ್ಕೆ ಇಷ್ಟು ಖಾಲಿ ಬಿಡಬೇಕು ಎಂಬುದಷ್ಟೇ ಅದರ ತಿರುಳು. ಹೀಗೆ ಬಿಡುವ ಜಾಗಕ್ಕೆ ಸೆಟ್‌ಬ್ಯಾಕ್ ಎಂದು ಹೆಸರು.

ಓದುತ್ತ ಓದುತ್ತ ನನಗೊಂದು ವಿಷಯ ಹೊಳೆಯಿತು. ಒಂದೊಂದು ನಿಯಮದ ಹಿಂದೆಯೂ ಎಲ್ಲೋ ನಡೆದ ಒಂದು ಜಗಳ ಇದೆ. ಕಿಟಕಿ ಪಕ್ಕದವರ ಬಚ್ಚಲಿಗೆ ಎದುರಾಗಬಾರದು ಎಂದು ಬರೆಯಬೇಕಾದರೆ ಯಾರೋ ಎದುರು ಮಾಡಿಯೇ ಇಟ್ಟಿರಬೇಕು. ಬಾವಿಗೂ ಶೌಚದ ಗುಂಡಿಗೂ ಇಂತಿಷ್ಟು ದೂರ ಎನ್ನಬೇಕಾದರೆ ಯಾರದೋ ಮನೆಯ ಬಾವಿಯ ನೀರು ಕೆಟ್ಟು, ಯಾರೋ ಕಾಯಿಲೆ ಬಿದ್ದಿರಬೇಕು. ಹಾಗೆ ನೋಡಿದರೆ ಆ ಕಟ್ಟು ಕಾನೂನಿನದಲ್ಲ, ನೆರೆಹೊರೆಯವರ ಚರಿತ್ರೆ. ಇದು ತಿಳಿದ ಮೇಲೆ ನನಗೆ ಅದರ ಮೇಲೆ ಸ್ವಲ್ಪ ಪ್ರೀತಿಯೇ ಹುಟ್ಟಿತು.

ಇನ್ನು ವಲಯ ಎಂಬ ಮಾತು. ಊರನ್ನು ಹಂಚಿ, ಇಲ್ಲಿ ವಾಸ, ಇಲ್ಲಿ ಅಂಗಡಿ, ಇಲ್ಲಿ ಕಾರ್ಖಾನೆ ಎಂದು ಬಣ್ಣ ಬಳಿಯುತ್ತಾರಂತೆ. ವಾಸಕ್ಕೆ ಹಳದಿ, ವ್ಯಾಪಾರಕ್ಕೆ ನೀಲಿ, ಶಾಲೆ ಆಸ್ಪತ್ರೆಯಂಥ ಸಾರ್ವಜನಿಕ ಕೆಲಸಕ್ಕೆ ಕೆಂಪು, ಉದ್ಯಾನಕ್ಕೆ ಹಸಿರು. ಇದೇನು ಹೊಸದೆಂದು ತಲೆ ಕೆಡಿಸಿಕೊಂಡವನಿಗೆ ನನ್ನ ಅಜ್ಜಿಯ ನೆನಪಾಯಿತು. ಅವಳ ಮನೆಯಲ್ಲಿ ಚಪ್ಪಲಿ ಎಲ್ಲಿಯವರೆಗೆ, ತಂಬಿಗೆ ಎಲ್ಲಿಯವರೆಗೆ, ಸ್ನಾನ ಮಾಡದ ಮೊಮ್ಮಗ ಎಲ್ಲಿಯವರೆಗೆ ಬರಬಹುದು ಎಂಬುದಕ್ಕೆ ಕಣ್ಣಿಗೆ ಕಾಣದ ಗೆರೆಗಳಿದ್ದವು. ಮಡಿಯ ವಲಯ, ಮೈಲಿಗೆಯ ವಲಯ, ಜಗಲಿಯಲ್ಲೇ ಕಾಫಿ ಕುಡಿದು ಹೋಗುವವರ ವಲಯ. ಮೇಲ್ಮನವಿಗೆ ಅವಕಾಶವೇ ಇರಲಿಲ್ಲ. ಸರ್ಕಾರದ್ದು ಎಷ್ಟೋ ವಾಸಿ, ಮೂವತ್ತು ದಿನ ಆಕ್ಷೇಪಣೆಗೆ ಸಮಯ ಕೊಡುತ್ತದೆ.

ನಕ್ಷೆ ಬರೆಯುವ ಮೊದಲು ಇನ್ನೊಂದು ಪರವಾನಗಿ ಆಗಬೇಕಿತ್ತು. ನಮ್ಮ ಕಡೆ ಮನೆಗೆ ಆಯ ನೋಡಬೇಕು. ಉದ್ದ ಅಗಲ ಗುಣಿಸಿ ಎಂಟರಿಂದ ಭಾಗಿಸಿ, ಉಳಿದ ಶೇಷದಿಂದ ಮನೆಯ ಹಣೆಬರಹ ಹೇಳುವ ಪದ್ಧತಿ. ಒಂದು ಉಳಿದರೆ ಧ್ವಜ, ಮೂರಕ್ಕೆ ಸಿಂಹ, ಐದಕ್ಕೆ ಎತ್ತು, ಏಳಕ್ಕೆ ಆನೆ, ಇವೆಲ್ಲ ಶುಭ. ಎರಡು ಹೊಗೆ, ನಾಲ್ಕು ನಾಯಿ, ಆರು ಕತ್ತೆ, ಏನೂ ಉಳಿಯದಿದ್ದರೆ ಕಾಗೆ. ನಾನು ಗಣಿತದವ, ಶೇಷಕ್ಕೆ ಹೆದರುವವನಲ್ಲ, ಆದರೆ ಸಾವಿತ್ರಿಯ ತವರಿನವರು ಕತ್ತೆಯಲ್ಲಿ ಗೃಹಪ್ರವೇಶಕ್ಕೆ ಬರುವವರಲ್ಲ. ಜೋಯಿಸರು ಅಡಿಯಲ್ಲಿ ಅಳೆದು ಆನೆ ಬರಿಸಿಕೊಟ್ಟರು. ಅದೇ ಮನೆಯನ್ನು ಕಚೇರಿಗಾಗಿ ಮೀಟರಿಗೆ ತಿರುಗಿಸಿ ಮತ್ತೆ ಭಾಗಿಸಿ ನೋಡಿದೆ, ಕತ್ತೆ ಬಂತು. ಯಾರಿಗೂ ಹೇಳಲಿಲ್ಲ. ಜೋಯಿಸರ ಆನೆ ಪಕ್ಕದ ಸೆಟ್‌ಬ್ಯಾಕಿನೊಳಗೆ ನಾಲ್ಕು ಅಂಗುಲ ಹೊಟ್ಟೆ ಚಾಚಿತ್ತು, ಅದನ್ನು ಒಳಗೆಳೆಯಲು ದೇವರ ಕೋಣೆಯ ಗೋಡೆ ತೆಳ್ಳಗೆ ಮಾಡಿದೆ. ಶಾಸ್ತ್ರಕ್ಕೂ ಕಾಯಿದೆಗೂ ಲೋಪವಿಲ್ಲದ ನಕ್ಷೆ ಎಂದು ಬೀಗುತ್ತ ಅರ್ಜಿ ಕೊಟ್ಟೆ.

ಒಂದೂವರೆ ತಿಂಗಳಿಗೆ ಎಂಜಿನಿಯರರು ಕರೆಸಿದರು. ಹಾವೇರಿ ಕಡೆಯವರು, ಮಾತು ಮೆತ್ತಗೆ. "ಬರ್ರಿ ಸರ, ಕುಂದರ್ರಿ," ಎಂದು ಕುರ್ಚಿ ತೋರಿಸಿ ಗೋಡೆಯ ಕಡೆ ಕೈ ಮಾಡಿದರು. ಅಲ್ಲಿ ಊರಿನ ಹೊಸ ಬಣ್ಣದ ನಕಾಶೆ ತೂಗುತ್ತಿತ್ತು. ನಮ್ಮ ಲೇಔಟು ಪೂರ್ತಿ ಹಳದಿ, ನಡುವೆ ಒಂದೇ ಒಂದು ಚೌಕ ಕೆಂಪು. ಹದಿನಾಲ್ಕು. "ನಿಮ್ಮ ಪ್ಲಾಟ್ ಸಾರ್ವಜನಿಕ ಉದ್ದೇಶಕ್ಕ ಬಿಟ್ಟದ್ದೈತಲ್ರಿ. ಇದರಾಗ ಮನಿ ಕಟ್ಟಾಕ ಹ್ಯಾಂಗ ಬರತೈತ್ರಿ?" ಎಂದರು.

ಖರೀದಿ ಪತ್ರ ಸರಿಯಿದೆ, ಹಕ್ಕಿನ ಉತಾರದಲ್ಲಿ ಹೆಸರಿದೆ, ಕೊಂಡಾಗ ನಾನೇ ಇದೇ ಕಚೇರಿಗೆ ಬಂದು ಹಳೆಯ ನಕಾಶೆ ನೋಡಿದ್ದೇನೆ, ಆಗ ಹಳದಿಯೇ ಇತ್ತು. ಹಾಗೆಂದು ಹೇಳಿದೆ. ಅವರು, ಹಳೆಯದು ಜೀರ್ಣವಾಗಿತ್ತು, ಹೋದ ವರ್ಷ ಅದನ್ನೇ ನೋಡಿ ಇದನ್ನು ನಕಲು ಮಾಡಿದ್ದಾರೆ, ಅದರಲ್ಲಿ ಇಲ್ಲದ ಕೆಂಪು ಇದರಲ್ಲಿ ಬರಲು ಸಾಧ್ಯವಿಲ್ಲ ಎಂದರು. ಮನೆಗೆ ಬಂದು ಸಾವಿತ್ರಿಗೆ ಹೇಳಿದೆ. ಅವಳು ಅಕ್ಕಿ ಆರಿಸುವುದನ್ನು ನಿಲ್ಲಿಸದೆ, "ಹಂಗಾರೆ ಈಗ ಎಂತ ಮಾಡದು?" ಎಂದಳು. "ಹಳೇ ನಕಾಶೆ ತೆಗೆಸದು," ಎಂದೆ.

ಹಳೆಯ ನಕಾಶೆ ನೋಡುವುದಕ್ಕೂ ಒಂದು ನಿಯಮ ಇತ್ತು, ಆ ನಿಯಮಕ್ಕೆ ಒಂದು ಅರ್ಜಿ ಇತ್ತು, ಅರ್ಜಿಗೆ ಒಂದು ನಮೂನೆ ಇತ್ತು, ನಮೂನೆ ಮುಗಿದುಹೋಗಿತ್ತು. ಕೈಯಲ್ಲೇ ಗೆರೆ ಎಳೆದು ನಮೂನೆ ತಯಾರಿಸಿಕೊಂಡು ಹೋದೆ. ಮಂಗಳವಾರ ಎಂಜಿನಿಯರರಿಲ್ಲ, ಶುಕ್ರವಾರ ಕಪಾಟಿನ ಕೀಲಿಯಿಲ್ಲ. ಶಾಲೆಯಲ್ಲಿ ನನ್ನ ಮಧ್ಯಾಹ್ನದ ತರಗತಿಗಳನ್ನು ಬೆಳಿಗ್ಗೆಗೆ ಬದಲಿಸಿಕೊಂಡು, ಕಚೇರಿಯ ಬೆಂಚಿನ ಮೇಲೆ ಕೂತೇ ಉತ್ತರ ಪತ್ರಿಕೆ ತಿದ್ದತೊಡಗಿದೆ. ನಾಯ್ಕರಿಗೂ ನನಗೂ ಗೆಳೆತನವಾಯಿತು. ಅವರ ಎಲೆ ಪೆಟ್ಟಿಗೆ ನನಗೂ ತೆರೆಯಿತು. ಎಲೆ, ಅಡಿಕೆ, ಸುಣ್ಣ, ಚೂರು ತಂಬಾಕು ಸೇರಿದ ಕವಳವನ್ನು ಬಾಯಿಗೆ ಹಾಕಿಕೊಂಡರೆ ನಮ್ಮ ಕಡೆಯವರಿಗೆ ಯಾವ ಕಚೇರಿಯಲ್ಲೂ ಎಷ್ಟು ಹೊತ್ತಾದರೂ ಕೂರುವ ಶಕ್ತಿ ಬರುತ್ತದೆ. ಸಂಕ್ರಾಂತಿ ಕಳೆದ ವಾರ, ಕಪಾಟಿನ ತಳದಿಂದ, ಬಟ್ಟೆ ಅಂಟಿಸಿದ ಹಳೆಯ ನಕಾಶೆ ಹೊರಗೆ ಬಂತು.

ಮೇಜಿನ ಮೇಲೆ ಬಿಚ್ಚಿ ಹಾಸಿ ಎಂಜಿನಿಯರರು, ನಾಯ್ಕರು, ನಾನು ಮೂವರೂ ಬಗ್ಗಿದೆವು. ಹದಿನಾಲ್ಕರ ಮೇಲೆ ಕೆಂಪು ಇತ್ತು. ಎಂಜಿನಿಯರರು ಉಗುರಿನಿಂದ ಮೆಲ್ಲಗೆ ಕೆರೆದು, ಬೆಳಕಿಗೆ ಹಿಡಿದು, ಮೂಸಿಯೂ ನೋಡಿದರು. "ಇದು ಬಣ್ಣ ಅಲ್ರಿ. ಎಲಿ ಅಡಿಕಿ ರಸ," ಎಂದರು.

ಆಗ ನನಗೆ ಬಂದ ಸಿಟ್ಟನ್ನು ಈಗ ನೆನೆದರೂ ನಾಚಿಕೆಯಾಗುತ್ತದೆ. ನಾನು ಎದ್ದು ನಿಂತು ಭಾಷಣವನ್ನೇ ಮಾಡಿದೆ. ಸರ್ಕಾರಿ ದಾಖಲೆಯ ಮೇಲೆ ಕವಳದ ಕೈ ಇಡುವ ಅವಿವೇಕಿ ಯಾವನು, ಇಂಥವರಿಂದಲೇ ಊರು ಹಾಳಾಗುವುದು, ಒಬ್ಬನ ಕೊಳಕು ಕೈಯಿಂದ ಇನ್ನೊಬ್ಬನ ಮನೆ ನಿಲ್ಲುತ್ತದೆ, ಅವನನ್ನು ಹಿಡಿದು ತರಬೇಕು ಎಂದೆಲ್ಲ. ನಾಯ್ಕರು ತಮ್ಮದೇನಾದರೂ ಇರಬಹುದೇ ಎಂದು ಹೆದರಿ ಕೈ ಹಿಂದೆ ಕಟ್ಟಿಕೊಂಡರು. ಎಂಜಿನಿಯರರು ಮಾತ್ರ ಇನ್ನೂ ಬಗ್ಗಿಯೇ ಇದ್ದರು. "ಹೆಬ್ಬಟ್ಟಿನ ಗುರುತು ಚೊಲೋ ಮೂಡೈತ್ರಿ. ನಡುವ ಒಂದು ಓರೆ ಗಾಯದ ಗೆರಿ ಬ್ಯಾರೆ ಐತಿ," ಎಂದರು. ನಾನು ನೋಡಿದೆ. ಎಡದಿಂದ ಬಲಕ್ಕೆ ಇಳಿಯುವ ಓರೆ ಗೆರೆ. ನನ್ನ ಬಲ ಹೆಬ್ಬೆರಳಿನಲ್ಲಿ, ಕಾಲೇಜು ಓದುವಾಗ ಅಡಕತ್ತರಿ ಜಾರಿ ಆದ ಗಾಯದ ಕಲೆ ಇದೆ. ಅದೂ ಓರೆ.

ಎಲ್ಲವೂ ಒಂದೇ ಸಲಕ್ಕೆ ನೆನಪಾಯಿತು. ಜಾಗ ಕೊಂಡ ಹೊಸತರಲ್ಲಿ ಸಾವಿತ್ರಿಯನ್ನು ಇದೇ ಮೇಜಿನ ಹತ್ತಿರ ಕರೆದುಕೊಂಡು ಬಂದಿದ್ದೆ. 'ನಂಗಳದ್ದು ಯಾವ್ದು?' ಎಂದು ಅವಳು ಕೇಳಿದ್ದಳು. ನಾನು ತುಟಿಯಂಚಿನ ಕವಳವನ್ನು ಹೆಬ್ಬೆರಳಿನಿಂದ ಒರೆಸಿಕೊಂಡು, ಅದೇ ಹೆಬ್ಬೆರಳನ್ನು ಹದಿನಾಲ್ಕರ ಮೇಲೆ ಒತ್ತಿ, 'ಇದು' ಎಂದಿದ್ದೆ. ಬಲವಾಗಿಯೇ ಒತ್ತಿರಬೇಕು. ಸ್ವಂತ ಜಾಗವನ್ನು ಯಾರೂ ತುದಿಬೆರಳಿನಿಂದ ತೋರಿಸುವುದಿಲ್ಲ.

ನಾನು ಹೆಬ್ಬೆರಳನ್ನು ಮುಷ್ಟಿಯೊಳಗೆ ಮುಚ್ಚಿಕೊಂಡು ಕೂತೆ. ಭಾಷಣ ಮಾಡಿ ದಣಿದಿದ್ದಾರೆಂದು ನಾಯ್ಕರು ನೀರು ತರಿಸಿಕೊಟ್ಟರು. ಎಂಜಿನಿಯರರು ಮುಂದಿನ ದಾರಿ ಹೇಳಿದರು. ನಕಾಶೆಯಲ್ಲಿ ಒಂದು ಸಲ ಬಿದ್ದ ಕೆಂಪನ್ನು ಸುಮ್ಮನೆ ಹಳದಿ ಮಾಡಲು ಬರುವುದಿಲ್ಲ. ಕಲೆ ಹೇಗೆ ಬಂತೆಂದು ತಿಳಿಯದಿದ್ದರೆ ದೊಡ್ಡ ವಿಚಾರಣೆ ಆಗಬೇಕು, ಅದಕ್ಕೆ ವರ್ಷಗಳೇ ಬೇಕು. ಯಾರಾದರೂ ತನ್ನಿಂದಾಯಿತೆಂದು ಬರೆದುಕೊಟ್ಟರೆ ಮೂವತ್ತು ದಿನದ ಪ್ರಕಟಣೆ ಹಾಕಿ ಮುಗಿಸಬಹುದು. ಆದರೆ ಯಾರು ಬರೆದುಕೊಡುತ್ತಾರೆ ಎಂದು ಅವರೇ ನಕ್ಕರು.

ಮನೆಗೆ ಬಂದವನು ಊಟದವರೆಗೆ ಉತ್ತರ ಪತ್ರಿಕೆ ತಿದ್ದುತ್ತ ಕೂತೆ. ಉತ್ತರ ಪತ್ರಿಕೆಯ ಅಂಚಿಗೆ ಎಣ್ಣೆ ಕೈ ತಾಗಿದ್ದರೂ ಅಂಕ ಕಳೆಯುವ ಮಾಸ್ತರ ನಾನು. ಈ ಊರಿನ ಅರ್ಧ ಜನ ನನ್ನ ಕೈಯಲ್ಲಿ ಹಾಗೆ ಅಂಕ ಕಳೆದುಕೊಂಡವರು. ಅವರೆಲ್ಲ ಓದುವ ಹಾಗೆ ಕಚೇರಿಯ ಬೋರ್ಡಿನಲ್ಲಿ ನನ್ನ ಹೆಸರು, ಕವಳ, ಹೆಬ್ಬೆಟ್ಟು. ಕಡೆಗೆ ತಡೆಯಲಾರದೆ ಸಾವಿತ್ರಿಗೆ ಎಲ್ಲ ಹೇಳಿದೆ. ಅವಳು ನಗುತ್ತಾಳೆಂದು ಹೆದರಿದ್ದೆ, ನಗಲಿಲ್ಲ. ಪೆನ್ನು, ಹಾಳೆ ತಂದು ನನ್ನ ಮುಂದಿಟ್ಟಳು. "ನಿಂಗ ಬರ್ದು ಕೊಡಿ. ಮರ್ಯಾದೆ ಹೋದ್ರೆ ಹೋತು, ಅದನ್ನ ಇಟ್ಗಳಲೆ ಒಂದು ಮನೆ ಬೇಕಲಿ ಮೊದ್ಲು," ಎಂದಳು. ಬರೆದೆ. ಒಂದು ಹಂತವನ್ನೂ ಬಿಡದೆ ಬರೆದೆ.

ಮೂವತ್ತು ದಿನಗಳ ಪ್ರಕಟಣೆಯ ಕಾಲದಲ್ಲಿ ನಾನು ಅನುಭವಿಸಿದ್ದನ್ನು ಇಲ್ಲಿ ವಿಸ್ತರಿಸುವುದಿಲ್ಲ. ಬೀಡಾ ಅಂಗಡಿಯವನು ಎಲೆಯ ಜೊತೆ ಕಾಗದದ ಚೂರೊಂದನ್ನು ಕೊಟ್ಟು "ಕೈ ಒರ್ಸ್ಕಳಿ ಮಾಸ್ತರೇ" ಎಂದ. ಹಳೆಯ ವಿದ್ಯಾರ್ಥಿಗಳು ದೂರದಿಂದ ನಮಸ್ಕಾರ ಮಾಡುವಾಗ ಹೆಬ್ಬೆರಳು ಮೇಲೆತ್ತುತ್ತಿದ್ದಾರೆಂದು ನನಗೆ ಅನುಮಾನ. ನಾನು ತಲೆ ಎತ್ತಿಯೇ ನಡೆದೆ. ಶಿವರಾತ್ರಿಗೆ ದಿನ ಮುಗಿಯುತ್ತದೆ, ಹೋಳಿ ಹುಣ್ಣಿಮೆಗೆ ಪರವಾನಗಿ, ಮೂರು ತಿಂಗಳಲ್ಲಿ ಗೋಡೆ ಎದ್ದು ಮಾಡು ನಿಲ್ಲುತ್ತದೆ ಎಂದು ದಿನ ಎಣಿಸುತ್ತಿದ್ದೆ. ಮೂವತ್ತನೆಯ ದಿನ ನಾಯ್ಕರು ಹೇಳಿಕಳಿಸಿದರು. ಒಂದು ಆಕ್ಷೇಪಣೆ ಬಂದಿತ್ತು.

ಆಕ್ಷೇಪಿಸಿದವರು ನಮ್ಮ ಲೇಔಟಿನ ಹಿಂದಿನ ಕೇರಿಯಲ್ಲಿ ಬಾಲವಾಡಿ ಕಲಿಸುವ ಅಕ್ಕೋರು, ಮಾದೇವಿ. ಅವರ ಬಾಲವಾಡಿ ನಡೆಯುತ್ತಿದ್ದದ್ದು ಒಂದು ಗೋದಾಮಿನ ಜಗಲಿಯಲ್ಲಿ. ಮಾಲೀಕರ ಮೂಟೆ ಬಂದ ದಿನ ಮಕ್ಕಳನ್ನು ಮನೆಗೆ ಕಳಿಸಬೇಕಾಗುತ್ತಿತ್ತು. ಹೋದ ವರ್ಷ ಏನೋ ಕೆಲಸಕ್ಕೆ ಕಚೇರಿಗೆ ಬಂದವರು ಗೋಡೆಯ ಮೇಲೆ ಹೊಸ ನಕಾಶೆ ನೋಡಿ, ಕೆಂಪು ಚೌಕದ ಅರ್ಥ ಕೇಳಿ ತಿಳಿದುಕೊಂಡು, ಕೇರಿಗೆ ಹೋಗಿ, ನಮಗೆ ಜಾಗ ಸಿಗುತ್ತದೆ ಎಂದು ತಾಯಂದಿರಿಗೆ ಹೇಳಿಬಿಟ್ಟಿದ್ದರು. ಈಗ ಅವರ ಅರ್ಜಿಯ ಕೆಳಗೆ ಆ ತಾಯಂದಿರ ಹೆಬ್ಬೆಟ್ಟುಗಳು ಸಾಲಾಗಿ ಇದ್ದವು, ನೀಲಿ ಶಾಯಿಯಲ್ಲಿ, ಒಂದೂ ಗೆರೆ ದಾಟದ ಹಾಗೆ. ನನ್ನದಕ್ಕಿಂತ ಎಷ್ಟೋ ಚೊಕ್ಕ.

ನಾನು ಅಕ್ಕೋರಿಗೆ ವಿವರಿಸಲು ಹೋದೆ. ಅದು ಬಣ್ಣವಲ್ಲ, ನನ್ನ ಕವಳದ ಕಲೆ, ನಾನೇ ಒಪ್ಪಿಕೊಂಡಿದ್ದೇನೆ ಎಂದೆ. ಅವರು ಸಿಟ್ಟಾಗಲಿಲ್ಲ. "ಕಲೆ ನಿಮ್ದೇ ಇರ್ಬೋದು ಮಾಸ್ತರೇ. ಅದ್ನ ನಂಬ್ಕಂಡು ನಾವು ಒಂದು ವರ್ಷ ಕಾದ್ವಲ್ಲ, ಅದು ಯಾರ್ದು?" ಎಂದರು. ನನಗೆ ಗೊತ್ತಿದ್ದ ಯಾವ ನಿಯಮದಲ್ಲೂ ಇದಕ್ಕೆ ಉತ್ತರ ಇರಲಿಲ್ಲ.

ಇಲ್ಲವೆಂದು ಸುಮ್ಮನಾಗುವುದು ನನ್ನಿಂದ ಆಗಲಿಲ್ಲ. ಹೊಲಿದ ಕಟ್ಟನ್ನು ಮತ್ತೆ ತೆಗೆದು ಮೊದಲಿನಿಂದ ಓದಿದೆ. ಈ ಸಲ ಮನೆ ಕಟ್ಟುವವನಾಗಿ ಓದಲಿಲ್ಲವಾದ್ದರಿಂದ, ಹಿಂದೆ ಹಾರಿಸಿ ಓದಿದ್ದ ಒಂದು ಕಲಮು ಕಣ್ಣಿಗೆ ಬಿತ್ತು. ಇಷ್ಟು ದೊಡ್ಡ ಲೇಔಟು ಮಾಡುವವರು ಒಂದು ಜಾಗವನ್ನು ಸಾರ್ವಜನಿಕ ಉದ್ದೇಶಕ್ಕೆ ಬಿಡಲೇಬೇಕು. ಹಾಗಾದರೆ ಹದಿನಾಲ್ಕು ಕೆಂಪಲ್ಲದಿದ್ದರೆ ನಿಜವಾದ ಕೆಂಪು ಎಲ್ಲಿ ಹೋಯಿತು? ನಾಯ್ಕರ ಜೊತೆ ಹಳೆಯ ನಕಾಶೆಯನ್ನು ಮತ್ತೆ ಹಾಸಿದೆ. ತಿರುವಿನ ಮೂಲೆಯಲ್ಲಿ ಇಪ್ಪತ್ತೊಂದನೇ ನಂಬರು ಇರಬೇಕಾದಲ್ಲಿ ಒರಲೆ ತಿಂದು ತೂತಾಗಿತ್ತು. ತೂತಿನ ಅಂಚಿನಲ್ಲಿ ನೂಲಿನಷ್ಟು ಅಗಲದ ಕೆಂಪು ಉಳಿದಿತ್ತು. ಅಸಲಿ ಶಾಯಿ. ನಕಲು ಮಾಡಿದವರ ತಪ್ಪೇನೂ ಇರಲಿಲ್ಲ. ಲೇಔಟಿನಲ್ಲಿ ಒಂದು ಕೆಂಪು ಇರಬೇಕೆಂದು ಅವರಿಗೆ ಗೊತ್ತಿತ್ತು, ಹುಡುಕಿದರು, ಸಿಕ್ಕಿದ್ದು ನನ್ನದು.

ಹಿಗ್ಗಿನಿಂದ ಸೈಕಲ್ ಹತ್ತಿ ಇಪ್ಪತ್ತೊಂದನೇ ನಂಬರು ನೋಡಲು ಹೋದೆ. ಅಲ್ಲಿ ಅತಿಕ್ರಮಣವಾಗಿತ್ತು. ಜಾಗದ ತುಂಬ ಯಾರೋ ಕೆಂಪುಕಲ್ಲು ಒಟ್ಟಿಟ್ಟಿದ್ದರು. ಯಾರೋ ಏನು, ನಾನೇ. ಹಿಂದಿನ ಬೇಸಿಗೆಯಲ್ಲಿ ಅಗ್ಗಕ್ಕೆ ಸಿಕ್ಕಿತೆಂದು ತರಿಸಿ, ಲಾರಿ ನಮ್ಮ ಪ್ಲಾಟಿನವರೆಗೆ ಹೋಗಲಿಲ್ಲವೆಂದು, ಮೂಲೆಯಲ್ಲಿ ಯಾರದೂ ಅಲ್ಲದ ಜಾಗ ಖಾಲಿ ಇದೆಯಲ್ಲ ಎಂದು, ಪಾಯದ ಕಲ್ಲನ್ನೆಲ್ಲ ಅಲ್ಲಿ ಇಳಿಸಿದ್ದೆ. ಯಾರದೂ ಅಲ್ಲದ್ದು ಎಂದು ಅನಾಯಾಸವಾಗಿ ಅಂದುಕೊಂಡಿದ್ದೆ. ಎಲ್ಲರದೂ ಎಂಬ ಮಾತು ತಲೆಗೆ ಹೊಳೆದಿರಲಿಲ್ಲ.

ವಿಚಾರಣೆಯ ದಿನ ಇದನ್ನೆಲ್ಲ ಎಂಜಿನಿಯರರ ಮುಂದೆ ಹೇಳಿದೆ. ಕಲ್ಲಿನ ವಿಷಯವನ್ನೂ ಹೇಳಿದೆ. ಅಕ್ಕೋರು ಬಾಗಿಲ ಹತ್ತಿರ ನಿಂತಿದ್ದರು, ಸಾವಿತ್ರಿಯೂ ಬಂದಿದ್ದಳು. ಎಂಜಿನಿಯರರು ನಕಾಶೆಯ ತೂತಿನಲ್ಲಿ ಬೆರಳಿಟ್ಟು ನೋಡಿ, ಖರೆ ಎಂದರು. ಆದರೆ ಮೂಲೆಯ ಜಾಗಕ್ಕೆ ಸರ್ವೆ ಆಗಬೇಕು, ಮೇಲಿನ ಕಚೇರಿಗೆ ಬರೆಯಬೇಕು, ಮಳೆಗಾಲ ಕಳೆಯುತ್ತದೆ. "ನಿಮ್ದು ತಯಾರೈತ್ರಿ ಸರ, ಈಗ ಕಳಿಸಿಬಿಡ್ತೀನಿ. ಮೂಲಿ ಪ್ಲಾಟಿಂದು ಆಮ್ಯಾಲೆ ನೋಡೂಣು," ಎಂದರು. ಅವರ ಮನಸ್ಸಿನಲ್ಲಿ ಕಪಟವಿರಲಿಲ್ಲ. ಆದರೆ ಕಚೇರಿಯ ಬೆಂಚಿನ ಮೇಲೆ ನಾಲ್ಕು ತಿಂಗಳು ಕೂತವನಿಗೆ 'ಆಮೇಲೆ' ಎಂದರೆ ಏನೆಂದು ಗೊತ್ತಿರುತ್ತದೆ. ನಮ್ಮ ಕೆಂಪು ಅಳಿಸಿದ ಮರುದಿನದಿಂದ ಆ ಲೇಔಟಿನಲ್ಲಿ ಕೆಂಪೇ ಇರುವುದಿಲ್ಲ, ಕೇಳುವವರೂ ಇರುವುದಿಲ್ಲ. ಅಕ್ಕೋರಿಗೂ ಅದು ಗೊತ್ತಿತ್ತು. ಅವರು ಹೆಬ್ಬೆಟ್ಟುಗಳ ಹಾಳೆಯನ್ನು ಮಡಚತೊಡಗಿದರು.

ನಾನು 'ಹಾಗೇ ಆಗಲಿ' ಎನ್ನಲು ಬಾಯಿ ತೆರೆದಿದ್ದೆ. ಇದನ್ನು ಬಚ್ಚಿಟ್ಟರೆ ಈ ಬರಹಕ್ಕೆ ಅರ್ಥವಿಲ್ಲ. ಮಳೆಗಾಲ ಎದುರಿಗಿತ್ತು, ನಮ್ಮ ಬಾಡಿಗೆ ಮನೆಯ ಮಾಲೀಕರು ವಾರಕ್ಕೊಮ್ಮೆ ಬಂದು ಗೋಡೆ ತಟ್ಟಿ ನೋಡಿ ಹೋಗುತ್ತಿದ್ದರು. ಅಷ್ಟರಲ್ಲಿ ಸಾವಿತ್ರಿ ಮುಂದೆ ಬಂದಳು. ಮನೆಯ ಮಾತು ಬಿಟ್ಟು, ಹೊರಗಿನವರ ಹತ್ತಿರ ಆಡುವ ಕನ್ನಡದಲ್ಲಿ, "ಅವರದು ಮೊದಲು ಹೋಗ್ಲಿ. ನಮ್ಮದು ಕೆಂಪೇ ಇರ್ಲಿ ಅಲ್ಲಿವರೆಗೆ. ನಮಗೆ ಬಾಡಿಗೆ ಮನೆ ರೂಢಿ ಇದೆ," ಎಂದಳು. ಎಂಜಿನಿಯರರು ನನ್ನನ್ನು ನೋಡಿದರು. ನಾನು ತೆರೆದ ಬಾಯಿಯಿಂದಲೇ ಹೌದೆಂದೆ.

ಆ ಮಳೆಗಾಲವನ್ನು ನಾವು ಆರನೆಯ ಬಾಡಿಗೆ ಮನೆಯಲ್ಲಿ ಕಳೆದೆವು. ಹಾಗೆಂದು ನಾನು ಸುಮ್ಮನೆ ಕೂರಲಿಲ್ಲ. ಅಕ್ಕೋರ ಕಡತ ಎಲ್ಲಿಯವರೆಗೆ ಹೋಯಿತೆಂದು ಕೊಡೆ ಹಿಡಿದು ವಾರಕ್ಕೆರಡು ಸಲ ಕೇಳಿದೆ, ಸರ್ವೆಯವರು ಬಂದ ದಿನ ಜಿಗಣೆ ಕಚ್ಚಿಸಿಕೊಂಡು ಅಳತೆಯ ಸರಪಳಿ ಹಿಡಿದೆ, ಯಾವ ಕಲಮಿನ ಕೆಳಗೆ ಯಾವ ಅರ್ಜಿ ಎಂಬುದನ್ನು ತಾಯಂದಿರಿಗೆ ಜಗಲಿಯಲ್ಲಿ ಕೂರಿಸಿ ಹೇಳಿಕೊಟ್ಟೆ. ನನ್ನ ಕಡತಕ್ಕಿಂತ ಅವರದರ ಹಿಂದೆ ಹೆಚ್ಚು ತಿರುಗಿದೆ ಎಂದರೆ ಬಡಾಯಿ ಅನ್ನಿಸೀತು, ಆದರೆ ನಾಯ್ಕರು ಬೇಕಾದರೆ ಸಾಕ್ಷಿ ಹೇಳುತ್ತಾರೆ. ದೀಪಾವಳಿಗೆ ಅವರ ಆದೇಶ ಬಂತು. ಕಲ್ಲು ಸಾಗಿಸಲು ಆಳು ಹುಡುಕುತ್ತಿದ್ದವನಿಗೆ ಸಾವಿತ್ರಿ, "ಅದು ಅಲ್ಲೇ ಇರ್ಲಿ, ಬಾಲವಾಡಿ ಪಾಯಕ್ಕೆ ಆಗ್ತು," ಎಂದಳು. ಹಾಗಾಗಿ ಎರಡು ತಿಂಗಳ ಮೇಲೆ ನಮ್ಮ ಪರವಾನಗಿ ಬಂದಾಗ ನಮ್ಮ ಹತ್ತಿರ ಒಂದು ಕಲ್ಲೂ ಇರಲಿಲ್ಲ. ಮೊದಲು ಕಲ್ಲಿತ್ತು, ಪರವಾನಗಿ ಇರಲಿಲ್ಲ. ಈಗ ಪರವಾನಗಿ ಇತ್ತು.

ನಾಲ್ಕು ಪುಟದ ಪರವಾನಗಿ, ಗುಂಡನೆಯ ಮೊಹರು, ಹಿಂದೆ ಇಪ್ಪತ್ತು ಷರತ್ತು. ನಾನು ಅದನ್ನು ಸಾವಿತ್ರಿಗೆ ಬಿಡಿಸಿ ಹೇಳುವ ಉಮೇದಿನಲ್ಲಿ ತಂದೆ. ಅವಳು ಕೈಯಿಂದ ಇಸಿದುಕೊಂಡು, ಬೆಳಕಿಗೆ ಹೊಸ್ತಿಲ ಮೇಲೆ ಕೂತು ತಾನೇ ಓದಿದಳು. ಇಷ್ಟು ದಿನ ನಿಯಮದ ಒಂದು ಸಾಲನ್ನೂ ನೋಡದವಳು, ಬೆರಳಿಟ್ಟು, ಸದರಿ ಮೇಲ್ಕಾಣಿಸಿದ ಎಂಬುದನ್ನೂ ಬಿಡದೆ, ಕೊನೆಯ ಪುಟದವರೆಗೆ ಓದಿದಳು. ಮತ್ತೆ ಮೊದಲ ಪುಟಕ್ಕೆ ಹೋಗಿ ಇನ್ನೊಮ್ಮೆ ಓದಿದಳು. ಏನು ಹುಡುಕುತ್ತಿದ್ದಾಳೆಂದು ನನಗೆ ತಿಳಿಯಲಿಲ್ಲ, ನನ್ನಿಂದ ಇನ್ನೇನು ತಪ್ಪಾಗಿದೆಯೋ ಎಂದು ನಾನೂ ಬಗ್ಗಿ ನೋಡಿದೆ. ಕಡೆಗೆ ಅವಳು ಕಾಗದವನ್ನು ಮಡಿಲಲ್ಲಿಟ್ಟುಕೊಂಡು ನನ್ನ ಮುಖ ನೋಡಿದಳು.

"ಮನೆ ಬಿಡದು ಯಾವಾಗ ಹೇಳಿ ಇದ್ರಲ್ಲಿ ಎಲ್ಲೂ ಬರದ್ದೇ ಇಲ್ಲೆ," ಎಂದಳು.